ರೊಬೋಟಿಕ್ಸ್ ಸ್ಪರ್ಧೆಗಳು: ಕನ್ನಡ ಮಾಧ್ಯಮದ ಮಗು ಯಾವ ಕಣಕ್ಕೆ ಇಳಿಯಬೇಕು?

ಕೇರಳದ ಹತ್ತನೆಯ ತರಗತಿಯ ಐಸಿಟಿ ಪಠ್ಯದಲ್ಲಿ 2025-26ರ ಶೈಕ್ಷಣಿಕ ವರ್ಷದಿಂದ ರೊಬೋಟಿಕ್ಸ್ ಎಲ್ಲ ಮಕ್ಕಳಿಗೂ ಕಡ್ಡಾಯ ಪಾಠವಾಗಿದೆ. ರಾಜ್ಯದ ಸುಮಾರು 4.3 ಲಕ್ಷ ವಿದ್ಯಾರ್ಥಿಗಳು ಓದುವ ಈ ಪುಸ್ತಕ ಮಲಯಾಳ, ಇಂಗ್ಲಿಷ್, ತಮಿಳು ಭಾಷೆಗಳ ಜೊತೆಗೆ ಕನ್ನಡದಲ್ಲೂ ಇದೆ. ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಿಗೆ ಕೈಟ್ ಸಂಸ್ಥೆಯ ಮೂಲಕ ಈವರೆಗೆ ಒದಗಿಸಿದ ರೊಬೋಟಿಕ್ ಕಿಟ್ಟುಗಳ ಸಂಖ್ಯೆ 29,000. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳ ಕನ್ನಡ ಮಾಧ್ಯಮದ ಮಗುವೂ ಈ ಲೆಕ್ಕದೊಳಗೇ ಬರುತ್ತದೆ. ‘ಕನ್ನಡ ಮಾಧ್ಯಮದಲ್ಲಿ ಇಂಥದ್ದೆಲ್ಲ ಎಲ್ಲಿದೆ?’ ಎಂದು ಐದನೆಯ ಅಥವಾ ಎಂಟನೆಯ ತರಗತಿಯ ಹೊಸ್ತಿಲಲ್ಲಿ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ವರ್ಗಾಯಿಸುವ ರಕ್ಷಕರು ಮೊದಲು ಗಮನಿಸಬೇಕಾದ ಸಂಗತಿ ಇದು. ಪಾಠ ಇದೆ, ಪುಸ್ತಕ ಇದೆ, ಕಿಟ್ಟೂ ಇದೆ.

ಪಾಠದ ಬೆನ್ನಿಗೇ ಸ್ಪರ್ಧೆಗಳು ಬಂದಿವೆ. ಲಿಟ್ಲ್ ಕೈಟ್ಸ್ ಶಿಬಿರ, ಶಾಸ್ತ್ರೋತ್ಸವ, ಇನ್‌ಸ್ಪೈರ್ ಮಾನಕ್, ಯಂಗ್ ಇನ್ನೋವೇಟರ್ಸ್ ಪ್ರೋಗ್ರಾಂ, ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಮ್ಯಾರಥಾನ್, ವರ್ಲ್ಡ್ ರೋಬೋಟ್ ಒಲಿಂಪಿಯಾಡ್, ಫಸ್ಟ್ ಲೆಗೋ ಲೀಗ್; ಇವುಗಳ ಜೊತೆಗೆ ಮಂಗಳೂರು, ಕಣ್ಣೂರು ಕಡೆಯ ಕಾಲೇಜುಗಳ ಉತ್ಸವಗಳಲ್ಲಿ ನಡೆಯುವ ‘ರೋಬೋ ರೇಸ್’, ‘ಲೈನ್ ಫಾಲೋವರ್’ ಪಂದ್ಯಗಳು. ವಾಟ್ಸಾಪ್ ಗುಂಪಿಗೆ ಬರುವ ಬಣ್ಣದ ಪ್ರಕಟಣೆಗಳಲ್ಲಿ ಇವೆಲ್ಲವೂ ಒಂದೇ ಬಗೆಯವಾಗಿ ಕಾಣುತ್ತವೆ. ವಾಸ್ತವವಾಗಿ ಅವು ಅಳೆಯುವ ಗುಣ ಬೇರೆ, ಬೇಡುವ ಹಣ ಬೇರೆ, ಮಗುವಿನಿಂದ ನಿರೀಕ್ಷಿಸುವ ಭಾಷೆಯೂ ಬೇರೆ. ಒಂದು ಮಗುವಿಗೆ ಪ್ರೌಢಶಾಲೆಯ ಮೂರು ವರ್ಷಗಳಲ್ಲಿ ಇಂಥ ಎರಡು ಸ್ಪರ್ಧೆಗಳಿಗೆ ಸರಿಯಾಗಿ ಸಿದ್ಧವಾಗಲು ಸಮಯ ಸಿಕ್ಕರೆ ಅದೇ ಹೆಚ್ಚು. ಹೀಗಾಗಿ ಆಯ್ಕೆ ಅನಿವಾರ್ಯ.

ಯಂತ್ರ ಗೆಲ್ಲುವ ಸ್ಪರ್ಧೆ, ಮಾತು ಗೆಲ್ಲುವ ಸ್ಪರ್ಧೆ

ನಾವು ಈ ಸ್ಪರ್ಧೆಗಳನ್ನು ಒಂದೇ ಒಂದು ಪ್ರಶ್ನೆಯಿಂದ ವಿಂಗಡಿಸಲು ಬಯಸುತ್ತೇವೆ: ಅಂಕ ಎಲ್ಲಿಂದ ಬರುತ್ತದೆ? ಕಪ್ಪು ಗೆರೆಯ ಮೇಲೆ ಓಡಿ ಗುರಿ ಮುಟ್ಟುವ ಯಂತ್ರದಿಂದ ಅಂಕ ಬರುವುದಾದರೆ ಅಲ್ಲಿ ಗಡಿಯಾರವೇ ತೀರ್ಪುಗಾರ. ಗಡಿಯಾರಕ್ಕೆ ಭಾಷೆಯಿಲ್ಲ. ಪೈವಳಿಕೆಯ ಮಗುವೂ ಬೆಂಗಳೂರಿನ ಮಗುವೂ ಅದರ ಮುಂದೆ ಸಮಾನ. ಬದಲಿಗೆ, ಮಗು ತನ್ನ ಕಲ್ಪನೆಯನ್ನು ವಿವರಿಸಿ, ತೀರ್ಪುಗಾರರ ಪ್ರಶ್ನೆಗಳಿಗೆ ಉತ್ತರಿಸಿ ಅಂಕ ಪಡೆಯುವುದಾದರೆ ಅಲ್ಲಿ ಮಾತೇ ಮುಖ್ಯ. ಆ ಮಾತು ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಕನ್ನಡ ಮಾಧ್ಯಮದ ಮಗುವಿನ ಮಟ್ಟಿಗೆ ಅರ್ಧ ಫಲಿತಾಂಶವನ್ನು ನಿರ್ಧರಿಸಿಬಿಡುತ್ತದೆ.

ಈ ವಿಂಗಡಣೆಯಲ್ಲಿ ಒಂದು ವಿಪರ್ಯಾಸ ಕಾಣಿಸುತ್ತದೆ. ಭಾಷೆ ಬೇಡದ ಸ್ಪರ್ಧೆಗಳು ಹಣ ಬೇಡುತ್ತವೆ. ಹಣ ಬೇಡದ ಸ್ಪರ್ಧೆಗಳು ಭಾಷೆ ಬೇಡುತ್ತವೆ. ಗೆರೆಯ ಮೇಲೆ ಓಡುವ ಬಂಡಿಗೆ ಮೋಟಾರು, ಬ್ಯಾಟರಿ, ಪ್ರವೇಶ ಶುಲ್ಕ, ಪ್ರಯಾಣದ ಖರ್ಚು ಬೇಕು, ಮಾತು ಬೇಡ. ಇನ್‌ಸ್ಪೈರ್ ಅಥವಾ ಯಂಗ್ ಇನ್ನೋವೇಟರ್ಸ್‌ನಂಥ ಕಲ್ಪನೆಯ ಸ್ಪರ್ಧೆಗೆ ಕೈಯಿಂದ ಖರ್ಚಾಗುವುದು ಅತ್ಯಲ್ಪ, ಆದರೆ ಬರೆದು, ನಿಂತು, ಮಾತನಾಡಿ ಒಪ್ಪಿಸಬೇಕು. ಅಡಿಕೆ ತೋಟದ ಕೂಲಿಯ ಮನೆಯಿಂದ, ಬೀಡಿ ಕಟ್ಟುವ ಮನೆಯಿಂದ ಕನ್ನಡ ಶಾಲೆಗೆ ಬರುವ ಮಗು ಈ ಎರಡು ಬಾಗಿಲುಗಳ ನಡುವೆ ನಿಂತಿದೆ.

ಮೊದಲು ಯಂತ್ರದ ಸ್ಪರ್ಧೆಗಳನ್ನು ನೋಡೋಣ. ಜಗತ್ತಿನಲ್ಲೇ ಹೆಸರಾದ ಫಸ್ಟ್ ಲೆಗೋ ಲೀಗ್‌ನ ಚಾಲೆಂಜ್ ವಿಭಾಗದಲ್ಲಿ ರೋಬೋಟ್ ಎರಡೂವರೆ ನಿಮಿಷಗಳಲ್ಲಿ ಮೇಜಿನ ಮೇಲಿನ ಕಾರ್ಯಗಳನ್ನು ತಾನಾಗಿ ಮುಗಿಸಬೇಕು. ನೋಡುಗರಿಗೆ ಆ ಎರಡೂವರೆ ನಿಮಿಷ ಮಾತ್ರ ಕಾಣುತ್ತದೆ. ಆದರೆ ಅಂಕದ ದೃಷ್ಟಿಯಿಂದ ಅದು ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ರೋಬೋಟಿನ ವಿನ್ಯಾಸ, ನಾವೀನ್ಯ ಯೋಜನೆ ಮತ್ತು ತಂಡದ ನಡವಳಿಕೆಗೆ. ಆ ಮೂರನ್ನೂ ತೀರ್ಪುಗಾರರ ಮುಂದೆ ಮಾತಿನಲ್ಲೇ ಸ್ಥಾಪಿಸಬೇಕು. ಅಂದರೆ ಇದು ಹಣವನ್ನೂ ಬೇಡುತ್ತದೆ, ಭಾಷೆಯನ್ನೂ ಬೇಡುತ್ತದೆ. ನಿರ್ದಿಷ್ಟ ಕಂಪನಿಯ ಕಿಟ್ಟನ್ನೇ ಬಳಸಬೇಕಾದ ಇಂಥ ಸ್ಪರ್ಧೆಗೆ ಕಿಟ್ಟಿನ ಬೆಲೆಯೇ ಹತ್ತಾರು ಸಾವಿರ ರೂಪಾಯಿ. ಲೆಗೋ ಕಂಪನಿ ತನ್ನ ಪ್ರಸಿದ್ಧ ಮೈಂಡ್‌ಸ್ಟಾರ್ಮ್ಸ್ ಸರಣಿಯನ್ನು 2022ರ ಕೊನೆಗೆ ನಿಲ್ಲಿಸಿದ್ದನ್ನೂ ನೆನಪಿಡಬೇಕು: ಸಾಲ ಮಾಡಿ ಕೊಂಡ ಕಿಟ್ಟು ಮುಂದಿನ ತಮ್ಮ-ತಂಗಿಯರ ಕಾಲಕ್ಕೆ ಬಳಕೆಯಲ್ಲಿರುತ್ತದೆಂಬ ಭರವಸೆ ಇಲ್ಲ.

ವರ್ಲ್ಡ್ ರೋಬೋಟ್ ಒಲಿಂಪಿಯಾಡ್ 2004ರಲ್ಲಿ ಸಿಂಗಾಪುರದಿಂದ ಆರಂಭವಾದದ್ದು. 2016ರ ಜಾಗತಿಕ ಅಂತಿಮ ಸುತ್ತು ನಮ್ಮ ದೆಹಲಿಯ ಬಳಿಯೇ ನಡೆಯಿತು. ಅದರಲ್ಲಿ ಎರಡರಿಂದ ಮೂರು ಮಕ್ಕಳ ತಂಡ, ಜೊತೆಗೊಬ್ಬ ತರಬೇತುದಾರ. ಇದರೊಳಗೆ ಹಲವು ವಿಭಾಗಗಳಿವೆ ಎಂಬುದನ್ನು ನಮ್ಮ ಶಾಲೆಗಳು ಹೆಚ್ಚಾಗಿ ಗಮನಿಸುವುದಿಲ್ಲ. ‘ಫ್ಯೂಚರ್ ಎಂಜಿನಿಯರ್ಸ್’ ಎಂಬ ವಿಭಾಗದಲ್ಲಿ ತಾನೇ ಚಲಿಸುವ ಪುಟ್ಟ ಕಾರನ್ನು ಮಾಡಬೇಕು. ಅದಕ್ಕೆ ಯಾವ ಕಂಪನಿಯ ಭಾಗಗಳನ್ನಾದರೂ ಬಳಸುವ ಸ್ವಾತಂತ್ರ್ಯವಿದೆ. ಬಿಡಿಭಾಗಗಳನ್ನು ತಾವೇ ಜೋಡಿಸಿ ಕಲಿತ ಮಕ್ಕಳಿಗೆ ಈ ವಿಭಾಗ ಹೆಚ್ಚು ನ್ಯಾಯ ಒದಗಿಸುತ್ತದೆ. ಆದರೆ ಅದು ದೊಡ್ಡ ಮಕ್ಕಳ ವಿಭಾಗ, ಕ್ಯಾಮೆರಾ ಚಿತ್ರವನ್ನು ಓದುವ ಪ್ರೋಗ್ರಾಂ ಬರೆಯುವ ಮಟ್ಟಕ್ಕೆ ಏರಿದವರ ವಿಭಾಗ. ಎಂಟನೆಯ ತರಗತಿಯ ಮಗುವನ್ನು ನೇರವಾಗಿ ಅಲ್ಲಿಗೆ ಒಯ್ಯುವುದು ಈಜು ಬಾರದವನನ್ನು ಅಳಿವೆಯ ಬಾಯಿಗೆ ಇಳಿಸಿದಂತೆ.

ಕಾಲೇಜು ಉತ್ಸವಗಳ ಲೈನ್ ಫಾಲೋವರ್ ಪಂದ್ಯದ ವಿಷಯ ಬೇರೆ. ಅದು ಒಂದು ದಿನದ ಆಟ, ಪ್ರಯಾಣ ಹತ್ತಿರದ್ದು, ನಿಯಮ ಸರಳ. ಇಲ್ಲಿ ರಕ್ಷಕರು ತಿಳಿದಿರಬೇಕಾದ ಒಂದು ಮುಖ್ಯ ವಿವರವಿದೆ. 2022ರ ಡಿಸೆಂಬರಿನಿಂದ ಪ್ರೌಢಶಾಲೆಗಳಿಗೆ ಹಂಚಲಾದ ಮೊದಲ ಕಿಟ್ಟಿನಲ್ಲಿ ಆರ್ಡುಯಿನೋ ಊನೋ ಫಲಕ, ಎಲ್‌ಇಡಿಗಳು, ಎಸ್‌ಜಿ90 ಎಂಬ ಚಿಕ್ಕ ಸರ್ವೋ ಮೋಟಾರು, ಬೆಳಕನ್ನು ಗ್ರಹಿಸುವ ಎಲ್‌ಡಿಆರ್, ಅವಕೆಂಪು ಕಿರಣದ ಐಆರ್ ಸೆನ್ಸರ್, ಬಜರ್, ಒತ್ತುಗುಂಡಿ, ಬ್ರೆಡ್‌ಬೋರ್ಡ್, ತಂತಿಗಳು ಮತ್ತು ರೆಸಿಸ್ಟರುಗಳಿದ್ದವು. ಬಂಡಿಯನ್ನು ಓಡಿಸುವ ಮೋಟಾರು ಅದರಲ್ಲಿರಲಿಲ್ಲ, ಮೋಟಾರನ್ನು ನಿಯಂತ್ರಿಸುವ ಡ್ರೈವರ್ ಫಲಕವೂ ಇರಲಿಲ್ಲ. ಹೀಗಾಗಿ ಆ ಕಿಟ್ಟು ಒಂದರಿಂದಲೇ ಗೆರೆ ಹಿಡಿದು ಓಡುವ ಬಂಡಿ ಹುಟ್ಟುವುದಿಲ್ಲ. ಎರಡು ಮೋಟಾರು, ಗಾಲಿಗಳು, ಡ್ರೈವರ್, ಇನ್ನೊಂದು ಐಆರ್ ಸೆನ್ಸರ್, ಬ್ಯಾಟರಿ ಇವನ್ನು ಸೇರಿಸಬೇಕು. ಒಟ್ಟು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ಕೆಲಸ. ನಾಲ್ಕು ಮಕ್ಕಳ ತಂಡಕ್ಕೆ ಹಂಚಿದರೆ ಇದು ದೊಡ್ಡ ಭಾರವಲ್ಲ. ಪಿಟಿಎ ವಹಿಸಿಕೊಂಡರೆ ಭಾರವೇ ಅಲ್ಲ. ಇನ್ನೂ ಒಂದು ಮಾತು: ಐಆರ್ ಸೆನ್ಸರಿಗೆ ಬಿಸಿಲು ಬಿದ್ದರೆ ಅದು ಕಪ್ಪು-ಬಿಳುಪಿನ ವ್ಯತ್ಯಾಸವನ್ನೇ ತಪ್ಪಾಗಿ ಓದುತ್ತದೆ. ಶಾಲೆಯ ಮಬ್ಬು ಕೋಣೆಯಲ್ಲಿ ಚೆನ್ನಾಗಿ ಓಡಿದ ಬಂಡಿ ಕಾಲೇಜಿನ ತೆರೆದ ಸಭಾಂಗಣದಲ್ಲಿ ದಾರಿ ತಪ್ಪುವುದು ಇದೇ ಕಾರಣಕ್ಕೆ. ಪಂದ್ಯದ ದಿನ ಬೆಳಗ್ಗೆ ಬೇಗ ತಲುಪಿ, ಅಲ್ಲಿನ ಬೆಳಕಿಗೆ ತಕ್ಕಂತೆ ಸೆನ್ಸರನ್ನು ಸರಿಹೊಂದಿಸಿಕೊಂಡ ತಂಡ ಅರ್ಧ ಗೆದ್ದಂತೆ.

ಜೂನ್ ತಿಂಗಳಲ್ಲಿ ತೆರೆದು ಮುಚ್ಚುವ ಬಾಗಿಲು

ನಮ್ಮ ದೃಷ್ಟಿಯಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಕುಟುಂಬಕ್ಕೆ ಮೊದಲ ಆಯ್ಕೆ ಲಿಟ್ಲ್ ಕೈಟ್ಸ್. 2018ರ ಜನವರಿಯಲ್ಲಿ ಆರಂಭವಾದ ಈ ಐಟಿ ಕ್ಲಬ್ಬುಗಳು ಎರಡು ಸಾವಿರಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿವೆ. ಒಂದು ಘಟಕದಲ್ಲಿ ಇಪ್ಪತ್ತರಿಂದ ನಲವತ್ತು ಮಕ್ಕಳು. ಶಾಲಾ ಶಿಬಿರದಲ್ಲಿ ಚೆನ್ನಾಗಿ ಮಾಡಿದವರು ಉಪಜಿಲ್ಲಾ ಶಿಬಿರಕ್ಕೆ, ಅಲ್ಲಿಂದ ಜಿಲ್ಲಾ ಶಿಬಿರಕ್ಕೆ, ಕೊನೆಗೆ ರಾಜ್ಯ ಶಿಬಿರಕ್ಕೆ ಆಯ್ಕೆಯಾಗುತ್ತಾರೆ. ಆನಿಮೇಷನ್ ಒಂದು ದಾರಿ, ಪ್ರೋಗ್ರಾಮಿಂಗ್ ಮತ್ತು ರೊಬೋಟಿಕ್ಸ್ ಇನ್ನೊಂದು. ಮನೆಯಿಂದ ಕಿಟ್ಟು ಕೊಳ್ಳಬೇಕಾಗಿಲ್ಲ, ಪ್ರವೇಶ ಶುಲ್ಕವಿಲ್ಲ. ಬಳಸುವುದು ಸ್ವತಂತ್ರ ತಂತ್ರಾಂಶ, ಆದ್ದರಿಂದ ಮನೆಯಲ್ಲಿ ಹಳೆಯ ಕಂಪ್ಯೂಟರ್ ಇದ್ದರೆ ಅದಕ್ಕೂ ಹಾಕಿಕೊಳ್ಳಬಹುದು.

ಆದರೆ ಈ ಬಾಗಿಲು ಎಂಟನೆಯ ತರಗತಿಯ ಆರಂಭದಲ್ಲೇ ತೆರೆಯುತ್ತದೆ, ಅಲ್ಲೇ ಮುಚ್ಚುತ್ತದೆ. ಅಭಿರುಚಿ ಪರೀಕ್ಷೆ ಬರೆದು ಸದಸ್ಯರಾದವರು ಮೂರು ವರ್ಷ ಮುಂದುವರಿಯುತ್ತಾರೆ. ಒಂಬತ್ತನೆಯ ತರಗತಿಗೆ ಬಂದ ಮೇಲೆ ‘ನಮ್ಮ ಮಗನಿಗೂ ಆಸಕ್ತಿ ಇದೆ’ ಎಂದು ಹೇಳಿ ಪ್ರಯೋಜನವಿಲ್ಲ. ಎಂಟನೆಯ ತರಗತಿಗೆ ಹೊಸ ಶಾಲೆಗೆ ಸೇರುವ ಮಕ್ಕಳು ಈ ವಿಷಯದಲ್ಲಿ ಹೆಚ್ಚು ಕಳೆದುಕೊಳ್ಳುತ್ತಾರೆ. ಯುಪಿ ಶಾಲೆಯಿಂದ ಪ್ರೌಢಶಾಲೆಗೆ ಬಂದು, ಹೊಸ ಬಸ್ಸು, ಹೊಸ ಗೆಳೆಯರು, ಹೊಸ ಅಧ್ಯಾಪಕರ ನಡುವೆ ಮಗು ಹೊಂದಿಕೊಳ್ಳುವಷ್ಟರಲ್ಲಿ ಅರ್ಜಿಯ ದಿನ ದಾಟಿರುತ್ತದೆ.

ಎಸ್‌ಎಸ್‌ಎಲ್‌ಸಿಯ ಗ್ರೇಸ್ ಅಂಕಗಳ ಆಸೆಯಿಂದ ಮಾತ್ರ ಸ್ಪರ್ಧೆಯನ್ನು ಆರಿಸಬಾರದೆಂದು ನಾವು ಹೇಳುತ್ತೇವೆ. ಗ್ರೇಸ್ ಅಂಕದ ನಿಯಮಗಳು ಸರ್ಕಾರಿ ಆದೇಶಗಳಿಂದ ಬದಲಾಗುತ್ತಿರುತ್ತವೆ. ಆದೇಶ ಯಾವ ವರ್ಷದ್ದೆಂಬುದನ್ನು ಶಾಲೆಯಲ್ಲಿ ಕೇಳಿ ತಿಳಿಯಬೇಕೇ ಹೊರತು ಹಿಂದಿನ ಬ್ಯಾಚಿನವರ ಮಾತನ್ನು ನಂಬಬಾರದು.

ಶಾಸ್ತ್ರೋತ್ಸವ ಎರಡನೆಯ ದಾರಿ. ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಕಾರ್ಯಾನುಭವ, ಐಟಿ ಈ ಐದು ಮೇಳಗಳು ಶಾಲೆಯಿಂದ ಉಪಜಿಲ್ಲೆಗೆ, ಕಂದಾಯ ಜಿಲ್ಲೆಗೆ, ರಾಜ್ಯಕ್ಕೆ ಏರುತ್ತವೆ. ರೊಬೋಟ್ ಮಾಡುವ ಮಗುವಿಗೆ ಐಟಿ ಮೇಳವೊಂದೇ ತಾಣವಲ್ಲ. ವಿಜ್ಞಾನ ಮೇಳದ ಚಲಿಸುವ ಮಾದರಿ, ಕಾರ್ಯಾನುಭವದ ಎಲೆಕ್ಟ್ರಾನಿಕ್ಸ್ ಕೂಡ ಅದೇ ಕೌಶಲವನ್ನು ಬೇಡುವ ಅಂಶಗಳು. ಯಾವ ವಿಭಾಗದಲ್ಲಿ ಉಪಜಿಲ್ಲೆಯ ಪೈಪೋಟಿ ಕಡಿಮೆ ಎಂಬುದನ್ನು ಅನುಭವಿ ಅಧ್ಯಾಪಕರು ಬಲ್ಲರು. ಈ ಲೆಕ್ಕಾಚಾರವನ್ನು ಕುತಂತ್ರವೆಂದು ಭಾವಿಸಬೇಕಾಗಿಲ್ಲ. ಕಲೋತ್ಸವದಲ್ಲಿ ಇದನ್ನು ಎಲ್ಲ ಶಾಲೆಗಳೂ ಮಾಡುತ್ತಿವೆ.

ಅಡಿಕೆ ಅಂಗಳದಿಂದ ಒಂದು ಉದಾಹರಣೆ

ಕಲ್ಪನೆಯ ಸ್ಪರ್ಧೆಗಳಿಗೆ ಬರೋಣ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಶಾಲೆಯೇ ಮಕ್ಕಳ ಕಲ್ಪನೆಗಳನ್ನು ಆರಿಸಿ ಕಳುಹಿಸುತ್ತದೆ. ದೇಶದಾದ್ಯಂತ ಹತ್ತು ಲಕ್ಷ ಕಲ್ಪನೆಗಳನ್ನು ಸಂಗ್ರಹಿಸಿ ಒಂದು ಲಕ್ಷವನ್ನು ಆರಿಸುವುದು ಯೋಜನೆಯ ಗುರಿ. ಆಯ್ಕೆಯಾದ ಮಗುವಿನ ಬ್ಯಾಂಕ್ ಖಾತೆಗೆ ಮಾದರಿ ತಯಾರಿಸಲು 10,000 ರೂಪಾಯಿ ನೇರವಾಗಿ ಬರುತ್ತದೆ. ಅಲ್ಲಿಂದ ಜಿಲ್ಲಾ ಪ್ರದರ್ಶನ, ರಾಜ್ಯ ಪ್ರದರ್ಶನ, ರಾಷ್ಟ್ರ ಪ್ರದರ್ಶನ. ಆರನೆಯ ತರಗತಿಯಿಂದಲೇ ಅವಕಾಶವಿರುವುದರಿಂದ ಯುಪಿ ಶಾಲೆಯ ಮಕ್ಕಳಿಗೂ ಇದು ತೆರೆದಿದೆ. ಕೇರಳ ಸರ್ಕಾರದ ಕೆ-ಡಿಸ್ಕ್ ನಡೆಸುವ ಯಂಗ್ ಇನ್ನೋವೇಟರ್ಸ್ ಪ್ರೋಗ್ರಾಂ ತಂಡದ ಸ್ಪರ್ಧೆ. ಸುತ್ತಲಿನ ಸಮಸ್ಯೆಯೊಂದನ್ನು ಗುರುತಿಸಿ ಅದರ ಪರಿಹಾರವನ್ನು ಮಂಡಿಸಬೇಕು.

ಇಲ್ಲಿ ನಮ್ಮ ಮಕ್ಕಳ ಬಳಿ ಬೇರೆಯವರ ಬಳಿಯಿಲ್ಲದ ಬಂಡವಾಳವಿದೆ. ಅಡಿಕೆ ಅಂಗಳವನ್ನೇ ತೆಗೆದುಕೊಳ್ಳೋಣ. ಹಣ್ಣಡಿಕೆ ಒಣಗಲು ತಿಂಗಳಿಗೂ ಮಿಕ್ಕಿ ಬಿಸಿಲು ಬೇಕು. ನಡುವೆ ಅಕಾಲದ ಮಳೆ ಸುರಿದರೆ ಬೂಸಲು ಬಂದು ದರ ಇಳಿಯುತ್ತದೆ. ಮನೆಯವರು ಕೆಲಸಕ್ಕೆ ಹೋದಾಗ ಮಳೆ ಬಂದರೆ ಟಾರ್ಪಾಲು ಎಳೆಯುವವರಾರು? ಇದು ಬದಿಯಡ್ಕದ, ಎಣ್ಮಕಜೆಯ, ವರ್ಕಾಡಿಯ ಮಗುವಿಗೆ ಗೊತ್ತಿರುವಷ್ಟು ನಗರದ ಮಗುವಿಗೆ ಗೊತ್ತಿಲ್ಲ. ಮಳೆ ಹನಿ ಬಿದ್ದರೆ ಸಂಕೇತ ಕೊಡುವ ಸೆನ್ಸರಿನ ಬೆಲೆ ತೀರಾ ಕಡಿಮೆ. ಅದನ್ನು ಆರ್ಡುಯಿನೋ ಫಲಕಕ್ಕೆ ಜೋಡಿಸಿ ಬಜರ್ ಕೂಗಿಸುವುದು ಮೊದಲ ಹೆಜ್ಜೆ. ಕೂಗಿದರೆ ಕೇಳುವವರು ಮನೆಯಲ್ಲಿಲ್ಲವಲ್ಲ, ಆದ್ದರಿಂದ ಟಾರ್ಪಾಲು ತಾನಾಗಿ ಹರಡಬೇಕು. ಇಲ್ಲಿ ಹೆಚ್ಚಿನ ತಂಡಗಳು ಸರ್ವೋ ಮೋಟಾರಿಗೆ ನೂಲು ಕಟ್ಟಿ, ಕರವಸ್ತ್ರದಷ್ಟು ಬಟ್ಟೆಯನ್ನು ಎಳೆಯಿಸಿ, ‘ಇದೇ ನಮ್ಮ ಯಂತ್ರ’ ಎನ್ನುತ್ತವೆ. ಅನುಭವಿ ತೀರ್ಪುಗಾರರು ಕೇಳುವ ಮೊದಲ ಪ್ರಶ್ನೆ: ನಿಜವಾದ ಅಂಗಳದ ಟಾರ್ಪಾಲನ್ನು ಈ ಮೋಟಾರು ಎಳೆಯುತ್ತದೆಯೇ? ಕೇವಲ ಒಂಬತ್ತು ಗ್ರಾಂ ತೂಗುವ ಎಸ್‌ಜಿ90 ಖಂಡಿತ ಎಳೆಯದು. ಅದರ ಬಲ, ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ, ಎರಡು ಕಿಲೋಗಿಂತಲೂ ಕಡಿಮೆ ಭಾರ ತಡೆಯುವಷ್ಟು ಮಾತ್ರ.

ಯೋಚಿಸುವ ತಂಡ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಟಾರ್ಪಾಲನ್ನು ಇಳಿಜಾರಿನ ಮೇಲ್ತುದಿಯಲ್ಲಿ ಸುತ್ತಿಟ್ಟು, ಅದರ ತುದಿಗೆ ರಾಟೆಯ ಮೂಲಕ ಕಲ್ಲಿನ ಭಾರ ಕಟ್ಟಿ, ಆ ಭಾರವನ್ನು ಒಂದು ಕೊಂಡಿಯಿಂದ ತಡೆದಿಟ್ಟರೆ, ಸರ್ವೋ ಮಾಡಬೇಕಾದ ಕೆಲಸ ಕೊಂಡಿಯನ್ನು ಸರಿಸುವುದಷ್ಟೇ. ಎಳೆಯುವ ಕೆಲಸವನ್ನು ಕಲ್ಲು ಮಾಡುತ್ತದೆ. ಇಷ್ಟನ್ನು ಮಗು ತನ್ನ ಭಾಷೆಯಲ್ಲಿ ತಡವರಿಸದೆ ವಿವರಿಸಬಲ್ಲದಾದರೆ ಅದು ಬಲ, ಸನ್ನೆ, ಘರ್ಷಣೆ ಎಲ್ಲವನ್ನೂ ಅರ್ಥ ಮಾಡಿಕೊಂಡಿದೆ ಎಂದೇ ಅರ್ಥ. ಇದೇ ವಿವರಣೆಯನ್ನು ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಒಪ್ಪಿಸಲು ಹೇಳಿದರೆ, ಮಗು ಕಲ್ಲನ್ನೂ ಕೊಂಡಿಯನ್ನೂ ಮರೆತು ‘ಆಟೊಮ್ಯಾಟಿಕ್ ರೇನ್ ಪ್ರೊಟೆಕ್ಷನ್ ಸಿಸ್ಟಮ್’ ಎಂಬ ಹೆಸರನ್ನಷ್ಟೇ ಹೇಳಿ ನಿಲ್ಲುತ್ತದೆ.

ನಮ್ಮ ಗುಡ್ಡಗಳ ಸುರಂಗಗಳಲ್ಲಿ ನೀರಿನ ಹರಿವು ಇಳಿಯುವುದನ್ನು ಅಳೆಯುವ ಸಾಧನ, ಕೊಳೆರೋಗಕ್ಕೆ ಮದ್ದು ಬಿಡುವ ದಿನವನ್ನು ತೇವಾಂಶ ನೋಡಿ ಸೂಚಿಸುವ ಸಾಧನ, ಹೀಗೆ ವಿಷಯಗಳಿಗೆ ಬರವಿಲ್ಲ. ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ಕಾಸರಗೋಡಿನಲ್ಲೇ ಇದೆ. ತಂಡಕ್ಕೆ ಬೆಳೆಯ ಬಗ್ಗೆ ಸಂಶಯ ಬಂದರೆ ಕೇಳಲು ದೂರ ಹೋಗಬೇಕಾಗಿಲ್ಲ.

ಅಟಲ್ ಟಿಂಕರಿಂಗ್ ಪ್ರಯೋಗಾಲಯದ ಬಗ್ಗೆ ಚಿಕ್ಕ ಮಾತು. 2016ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಹೊಸ ಪ್ರಯೋಗಾಲಯಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾಗಿದೆ. ಗಡಿಯ ಕನ್ನಡ ಶಾಲೆಗಳ ಆಡಳಿತ ಮಂಡಳಿಗಳು, ಹಳೆ ವಿದ್ಯಾರ್ಥಿ ಸಂಘಗಳು ಕಣ್ಣಿಡಬೇಕಾದ ಘೋಷಣೆ ಇದು.

ಶಿಬಿರದ ಭಾಷೆ ಯಾವುದು?

ಈಗ ಅಸಲು ವಿಷಯ. ಲಿಟ್ಲ್ ಕೈಟ್ಸ್‌ಗೆ ಹಣ ಬೇಡ ಎಂದೆವು. ಭಾಷೆ? ಶಾಲಾ ಘಟಕದಲ್ಲಿ ಕನ್ನಡ ಬಲ್ಲ ಅಧ್ಯಾಪಕರಿದ್ದರೆ ತೊಡಕಿಲ್ಲ. ಕನ್ನಡ ಮಾಧ್ಯಮದ ಹುದ್ದೆಗಳಿಗೆ ಕನ್ನಡ ಅರಿಯದ ಅಧ್ಯಾಪಕರ ನೇಮಕಾತಿಯ ವಿರುದ್ಧ ಕಾಸರಗೋಡಿನಲ್ಲಿ ನಡೆದಿರುವ ಪ್ರತಿಭಟನೆಗಳು ಓದುಗರಿಗೆ ಹೊಸತಲ್ಲ. ಗಣಿತ, ವಿಜ್ಞಾನಗಳ ತರಗತಿಯ ಈ ಸಮಸ್ಯೆ ಐಟಿ ಲ್ಯಾಬಿಗೂ ತಪ್ಪದೆ ಬರುತ್ತದೆ. ಉಪಜಿಲ್ಲೆ ದಾಟಿ ಜಿಲ್ಲಾ ಶಿಬಿರಕ್ಕೆ ಹೋದ ಮಗುವಿನ ಸುತ್ತ ಮಲಯಾಳವೇ ಇರುತ್ತದೆ. ನಮ್ಮ ಮಕ್ಕಳಿಗೆ ಮಾತಿನ ಮಲಯಾಳ ಬಹುಮಟ್ಟಿಗೆ ತಿಳಿಯುತ್ತದೆ, ನಿಜ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ಕಲಿತ ಭಾಷೆ ಅದು. ಆದರೆ ಹೊಸದಾಗಿ ಕೇಳುವ ಒಂದು ತರ್ಕವನ್ನು, ‘ಹೀಗಾದರೆ ಹಾಗೆ ಮಾಡು, ಇಲ್ಲದಿದ್ದರೆ ಹೀಗೆ ಮಾಡು’ ಎಂಬ ಷರತ್ತಿನ ಸರಪಣಿಯನ್ನು, ಗ್ರಹಿಸಿ ಪ್ರಶ್ನೆ ಕೇಳಲು ಅಂಗಡಿಯ ಭಾಷೆ ಸಾಲದು. ಪ್ರಶ್ನೆ ಕೇಳದ ಮಗುವನ್ನು ಶಿಬಿರದಲ್ಲಿ ದಡ್ಡನೆಂದು ತಿಳಿಯುವವರೇ ಹೆಚ್ಚು.

2025ರ ಮಲಯಾಳ ಭಾಷಾ ಮಸೂದೆಯ ಬಗ್ಗೆ ಗಡಿನಾಡಿನಲ್ಲಿ ನಡೆದ ಚರ್ಚೆ ಬಹುತೇಕ ಪ್ರಥಮ ಭಾಷೆ, ಕಚೇರಿಯ ಪತ್ರ, ನಾಮಫಲಕಗಳ ಸುತ್ತಲೇ ತಿರುಗಿತು. ಅದು ಅಗತ್ಯವಾದ ಚರ್ಚೆಯೇ. ಆದರೆ ಶಿಬಿರದ ಭಾಷೆ, ಮೇಳದ ತೀರ್ಪುಗಾರನ ಭಾಷೆ, ತರಬೇತಿ ವೀಡಿಯೋದ ಭಾಷೆ ಇವುಗಳ ಬಗ್ಗೆ ನಮ್ಮ ಸಂಘಟನೆಗಳು ಮಾತನಾಡಿದ್ದು ಕಡಿಮೆ. ಪಠ್ಯಪುಸ್ತಕವನ್ನು ಕನ್ನಡದಲ್ಲಿ ಒದಗಿಸಿದ ವ್ಯವಸ್ಥೆಯೇ ಅದರ ಮುಂದುವರಿಕೆಯಾದ ಶಿಬಿರವನ್ನೂ ಕನ್ನಡದಲ್ಲಿ ಒದಗಿಸಬೇಕೆಂದು ಕೇಳುವುದು ಹಟವಲ್ಲ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲೆಗಳಲ್ಲಿ ಕನ್ನಡ ಬಲ್ಲ ಸಂಪನ್ಮೂಲ ವ್ಯಕ್ತಿಯೊಬ್ಬರು ಪ್ರತಿ ಶಿಬಿರದಲ್ಲಿರಬೇಕು; ಜಿಲ್ಲಾ ಮಟ್ಟದಲ್ಲಿ ಮಗು ಕನ್ನಡದಲ್ಲಿ ವಿವರಿಸಲು ಬಯಸಿದರೆ ಕೇಳಿ ಅಂಕ ಕೊಡಬಲ್ಲ ತೀರ್ಪುಗಾರರಿರಬೇಕು. ಹೊಸ ಹುದ್ದೆ ಬೇಕಾಗಿಲ್ಲ. ಜಿಲ್ಲೆಯೊಳಗೆ ಇರುವ ಅಧ್ಯಾಪಕರನ್ನು ಸರಿಯಾದ ದಿನ ಸರಿಯಾದ ಕೋಣೆಗೆ ನಿಯೋಜಿಸಿದರೆ ಸಾಕು.

ಪಾರಿಭಾಷಿಕ ಪದಗಳ ಬಗ್ಗೆ ನಮಗೆ ಮಡಿವಂತಿಕೆ ಇಲ್ಲ. ಪುಸ್ತಕ ‘ಸಂವೇದಕ’ ಎನ್ನಲಿ, ಮಗು ‘ಸೆನ್ಸರ್’ ಎನ್ನಲಿ, ಎರಡೂ ನಡೆಯುತ್ತದೆ. ಪದ ಯಾವುದಾದರೂ ಇರಲಿ, ವಾಕ್ಯ ಮಗುವಿನದಾಗಿರಬೇಕು.

ಕಾಸರಗೋಡಿನಾಚೆ ಈ ಚಿತ್ರ ಬದಲಾಗುತ್ತದೆ. ಜತ್ತ, ಅಕ್ಕಲಕೋಟೆಗಳ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಲ್ಲಿ ಓದುವ ಅನೇಕ ಮಕ್ಕಳು ಪ್ರೌಢಶಾಲೆಯ ಹಂತದಲ್ಲಿ ಮಾಧ್ಯಮವನ್ನೇ ಬದಲಿಸಬೇಕಾಗುತ್ತದೆ. ಅವರಿಗೆ ಎಂಟನೆಯ ತರಗತಿಯ ಸ್ಪರ್ಧೆಗಿಂತ ಆರನೆಯ ತರಗತಿಯಲ್ಲೇ ತೆರೆಯುವ ಇನ್‌ಸ್ಪೈರ್ ಹೆಚ್ಚು ಉಪಯುಕ್ತ, ಏಕೆಂದರೆ ಆಗ ಕನ್ನಡದಲ್ಲೇ ಯೋಚಿಸಿ, ಕನ್ನಡದ ಅಧ್ಯಾಪಕರೊಂದಿಗೇ ಸಿದ್ಧರಾಗಬಹುದು. ತಾಳವಾಡಿ, ಹೊಸೂರುಗಳ ಕುಟುಂಬಗಳಿಗೂ ಕೇಂದ್ರದ ಯೋಜನೆಗಳು ಸಮಾನವಾಗಿ ಲಭ್ಯ.

ಕೊನೆಯದಾಗಿ ಖಾಸಗಿ ‘ರಾಷ್ಟ್ರಮಟ್ಟ’, ‘ಅಂತಾರಾಷ್ಟ್ರೀಯ’ ಸ್ಪರ್ಧೆಗಳು. ಇವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಹಣ ಕಟ್ಟುವ ಮೊದಲು ನಿಯಮಪುಸ್ತಿಕೆ ಕೇಳಬೇಕು. ನಿಯಮಪುಸ್ತಿಕೆಯಿಲ್ಲದ ಸ್ಪರ್ಧೆ ಸ್ಪರ್ಧೆಯಲ್ಲ. ವಯಸ್ಸಿನ ವಿಭಾಗ ಯಾವುದು, ತಂಡದಲ್ಲಿ ಎಷ್ಟು ಜನ, ಯಾವ ಭಾಗಗಳನ್ನು ಬಳಸಬಹುದು, ಅವರಿಂದಲೇ ಕಿಟ್ಟು ಕೊಳ್ಳಬೇಕೆಂಬ ಕಟ್ಟುಪಾಡು ಇದೆಯೇ, ಮೊದಲ ಸುತ್ತಿನಲ್ಲಿ ಗೆದ್ದರೆ ಮುಂದಿನ ಸುತ್ತು ಯಾವ ಊರಿನಲ್ಲಿ, ಅಲ್ಲಿಗೆ ಮತ್ತೆ ಎಷ್ಟು ಶುಲ್ಕ? ಭಾಗವಹಿಸಿದವರೆಲ್ಲರೂ ಮುಂದಿನ ಸುತ್ತಿಗೆ ‘ಅರ್ಹ’ರಾಗುವ ಸ್ಪರ್ಧೆಯಾದರೆ ಅಲ್ಲಿ ಮಾರಾಟವಾಗುತ್ತಿರುವುದು ಪ್ರಮಾಣಪತ್ರವಷ್ಟೇ. ಗೆದ್ದ ಮೇಲೆ ಪ್ರಯಾಣದ ಹಣವಿಲ್ಲದೆ ಮನೆಯಲ್ಲುಳಿಯುವ ಮಗುವಿನ ನಿರಾಸೆ ಸೋತ ಮಗುವಿನದಕ್ಕಿಂತ ದೊಡ್ಡದು. ಹಾಗಾಗಿ ಎರಡನೆಯ ಸುತ್ತಿನ ಖರ್ಚಿನ ಲೆಕ್ಕ ಮೊದಲನೆಯ ಸುತ್ತಿಗೆ ಮುಂಚೆಯೇ ಆಗಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ‘ಎರಡು ದಿನ ಹೊರಗೆ ಉಳಿಯಬೇಕೇ?’ ಎಂಬ ಪ್ರಶ್ನೆ ಶಿಬಿರದ ಹಿಂದಿನ ರಾತ್ರಿ ಮನೆಯಲ್ಲಿ ಏಳುತ್ತದೆ. ಜೊತೆಗೆ ಹೋಗುವ ಅಧ್ಯಾಪಕಿ ಯಾರು, ವಸತಿ ಎಲ್ಲಿ ಎಂಬುದನ್ನು ಶಾಲೆ ವಾರದ ಮೊದಲೇ ತಿಳಿಸಿದರೆ ಆ ರಾತ್ರಿಯ ವಾಗ್ವಾದ ತಪ್ಪುತ್ತದೆ.

ನಮ್ಮ ತೀರ್ಮಾನವನ್ನು ಒಂದು ಕ್ರಮದಲ್ಲಿ ಇಡುವುದಾದರೆ: ಆರು ಮತ್ತು ಏಳರಲ್ಲಿ ಇನ್‌ಸ್ಪೈರ್‌ಗೆ ಒಂದು ಕಲ್ಪನೆ, ಎಂಟರಲ್ಲಿ ಲಿಟ್ಲ್ ಕೈಟ್ಸ್ ಸದಸ್ಯತ್ವ, ಒಂಬತ್ತರಲ್ಲಿ ಶಾಸ್ತ್ರೋತ್ಸವ ಅಥವಾ ಯಂಗ್ ಇನ್ನೋವೇಟರ್ಸ್ ಇವೆರಡರಲ್ಲಿ ಒಂದು, ಕೈ ಕುದುರಿದ ತಂಡಕ್ಕೆ ಹತ್ತಿರದ ಕಾಲೇಜಿನ ಒಂದು ದಿನದ ಪಂದ್ಯ. ಹತ್ತನೆಯ ತರಗತಿಯಲ್ಲಿ ಹೊಸದಾಗಿ ಏನನ್ನೂ ಆರಂಭಿಸದಿರುವುದು ಒಳಿತು, ಮಾರ್ಚ್ ತಿಂಗಳ ಪರೀಕ್ಷೆ ಎಲ್ಲರಿಗೂ ಗೊತ್ತಿರುವುದೇ. ಶಾಲೆಯ ಮೊದಲ ಪಿಟಿಎ ಸಭೆಯಲ್ಲಿ ಎಂಟನೆಯ ತರಗತಿಯ ರಕ್ಷಕರು ಮುಖ್ಯೋಪಾಧ್ಯಾಯರಲ್ಲಿ ಕೇಳಬೇಕಾದದ್ದು ಮೂರು ಸಂಗತಿ: ನಮ್ಮ ಶಾಲೆಯಲ್ಲಿ ಲಿಟ್ಲ್ ಕೈಟ್ಸ್ ಘಟಕ ಇದೆಯೇ, ಈ ವರ್ಷದ ಅಭಿರುಚಿ ಪರೀಕ್ಷೆಯ ದಿನಾಂಕ ಯಾವುದು, ಕಿಟ್ಟಿನ ಪೆಟ್ಟಿಗೆಯ ಬೀಗದ ಕೈ ಯಾರ ಬಳಿಯಿದೆ?